ಭಂಡಾರದ ಬಾಗಿಲು

ನಮ್ಮ ಹುಡಗಿಯಿಂದ ಬಸವಕಲ್ಯಾಣ ದೂರದ ಊರಲ್ಲ. ಬಾಲ್ಯದಲ್ಲಿ ಹಿರಿಯರ ಬಾಯಿಂದ ಕೇಳಿದ, ಮುಂದೆ ಭೀಮಕವಿಯ ಬಸವಪುರಾಣವನ್ನು ಪಾಠ ಹೇಳುವಾಗ ಮತ್ತೆ ಮತ್ತೆ ಎದುರಾದ ಕಥೆಯೊಂದಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರಷ್ಟೆ. ಅರಸನ ಹಣವನ್ನು ಅವರು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರು. ಬಿಜ್ಜಳನು ಭಂಡಾರವನ್ನು ಎಣಿಸಿ ನೋಡಿಸಿದನು, ಏನೂ ಕಡಮೆಯಾಗಿರಲಿಲ್ಲ. ಇದನ್ನು ಪವಾಡವೆಂದು ಓದುವವರು ಹಾಗೆಯೇ ಓದಲಿ. ನನಗೆ ಈ ವಯಸ್ಸಿನಲ್ಲಿ ಹೊಳೆಯುವ ಸಂಗತಿ ಬೇರೆ. ದೂರಿದವರೂ ಎಣಿಸಿದವರೂ ಕೇಳಿದ ಪ್ರಶ್ನೆ ಒಂದೇ: ಹಣ ಇದೆಯೋ, ಇಲ್ಲವೋ? ಅದು ಯಾರನ್ನು ತಲುಪಬೇಕಾಗಿತ್ತು ಎಂಬ ಚಿಂತೆ ಇದ್ದುದು ಭಂಡಾರಿಯೊಬ್ಬರಿಗೇ.

ಶ್ರೋತೃಗಳೆ, ನಮ್ಮ ಕಾಲದಲ್ಲಿಯೂ ಒಂದು ದೊಡ್ಡ ಭಂಡಾರ ತೆರೆದಿದೆ. ಹವಾಮಾನ ಕೆಡುತ್ತಿರುವುದಕ್ಕೆ ಹೆಚ್ಚು ಹೊಣೆಯಾದ ಸಿರಿವಂತ ದೇಶಗಳು, 2020ರ ಹೊತ್ತಿಗೆ ವರ್ಷಕ್ಕೆ 100 ಶತಕೋಟಿ ಡಾಲರುಗಳನ್ನು ಬಡದೇಶಗಳಿಗಾಗಿ ಒದಗಿಸುವುದಾಗಿ 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟವು. ಆ ಮಾತು ಈಡೇರಿದುದು ಎರಡು ವರ್ಷ ತಡವಾಗಿ. 2024ರಲ್ಲಿ ಬಾಕು ನಗರದಲ್ಲಿ ಕೂಡಿದಾಗ ಇದೇ ಮಾತನ್ನು 2035ರ ಹೊತ್ತಿಗೆ 300 ಶತಕೋಟಿಗೆ ಏರಿಸಲಾಯಿತು. ಹಸಿರು ಹವಾಮಾನ ನಿಧಿ ಎಂಬ ಭಂಡಾರದ ಕಚೇರಿ ದಕ್ಷಿಣ ಕೊರಿಯಾದ ಸಾಂಗ್ಡೊ ಎಂಬಲ್ಲಿದೆ. ಅಲ್ಲಿಂದ ನೇರವಾಗಿ ಹಣ ತರುವ ಮಾನ್ಯತೆ 2015ರಲ್ಲಿ ನಮ್ಮ ನಬಾರ್ಡಿಗೆ ದೊರೆಯಿತು. ಅದೇ ವರ್ಷ ಭಾರತ ಸರ್ಕಾರ ತನ್ನದೇ ಆದ ರಾಷ್ಟ್ರೀಯ ಹೊಂದಾಣಿಕೆ ನಿಧಿಯನ್ನು ಆರಂಭಿಸಿತು.

ಆ ರಾಷ್ಟ್ರೀಯ ನಿಧಿಯಿಂದ ಕರ್ನಾಟಕಕ್ಕೆ ಮಂಜೂರಾದುದು ದೇಶಿ ದನ ಮತ್ತು ಕುರಿಗಳ ತಳಿಗಳನ್ನು ಉಳಿಸುವ ಯೋಜನೆ. ಉದ್ದೇಶ ಒಳ್ಳೆಯದೇ. ಕಪ್ಪು ಬಿಳಿ ಮೈಯ ದೇವಣಿ ನಮ್ಮ ಸೀಮೆಯ ದನ. ಬಿಸಿಲನ್ನು ಅದು ತಾಳುವಂತೆ ಹೊರಗಿನ ತಳಿಗಳು ತಾಳಲಾರವು ಎಂಬುದು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಆದರೆ ಈ ಹಣ ಇಳಿದು ಬರುವ ಮೆಟ್ಟಿಲುಗಳನ್ನು ನೋಡಿ. ರಾಜ್ಯ ಸರ್ಕಾರ ಪ್ರಸ್ತಾವ ಬರೆಯಬೇಕು, ನಬಾರ್ಡ್ ಪರಿಶೀಲಿಸಬೇಕು, ದೆಹಲಿಯ ಸಮಿತಿ ಒಪ್ಪಬೇಕು. ಗ್ರಾಮ ಪಂಚಾಯಿತಿಯಾಗಲಿ ದನ ಸಾಕುವವನಾಗಲಿ ತಾನೇ ಹೋಗಿ ಕದ ತಟ್ಟುವ ಏರ್ಪಾಡು ಅದರಲ್ಲಿ ಇರಲಿಲ್ಲ. 2022ರಲ್ಲಿ ಆ ನಿಧಿ ಪ್ರತ್ಯೇಕ ಯೋಜನೆಯಾಗಿ ಉಳಿಯಲೂ ಇಲ್ಲ.

ದೂರದ ಬಾಗಿಲಿನ ಮಾತು ಹಾಗಿರಲಿ, ಹತ್ತಿರದ ಬಾಗಿಲೇನೂ ತಗ್ಗಾಗಿಲ್ಲ. 2016ರ ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಸುರಿದ ಮಳೆಗೆ ನಮ್ಮ ಭಾಗದ ತೊಗರಿ, ಸೋಯಾ ಹೊಲದಲ್ಲಿಯೇ ಕೊಳೆತವು. ಹೆಚ್ಚಾದಾಗ ಹಿಡಿದಿಟ್ಟು ಕಡಮೆಯಾದಾಗ ಉಣಿಸಬೇಕೆಂದರೆ ಹೊಲಕ್ಕೊಂದು ಕೃಷಿಹೊಂಡ ಬೇಕು. ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅದಕ್ಕಾಗಿ ಸಹಾಯಧನ ಕೇಳಲು ಒಂದು ಕಚೇರಿಗೆ ಹೋದಳು. ಗಂಡ ತೀರಿಕೊಂಡು ಆರು ವರ್ಷ. ಉಳುವವಳು, ಬಿತ್ತುವವಳು, ಸಾಲ ತೀರಿಸುವವಳು ಅವಳೇ. ಪಹಣಿ ಮಾತ್ರ ಮಾವನ ಹೆಸರಿನಲ್ಲಿದೆ. ಮೈದುನರೊಂದಿಗೆ ವಾಟಣಿ ಆಗಿಲ್ಲ. ಅರ್ಜಿ ಹಿಂದಕ್ಕೆ ಬಂದಿತು. “ಕಾಕಾ, ಹೊಲ ನಂದೇ ಅದ, ಹೆಸರಷ್ಟೇ ನಂದಿಲ್ಲ” ಎಂದು ಆಕೆ ನನ್ನ ಮುಂದೆ ಕಾಗದ ಇಟ್ಟಳು. ಮೂವತ್ತು ವರ್ಷ ಕನ್ನಡ ಕಲಿಸಿದ ನಾನು ಆ ನಮೂನೆಯ ಕನ್ನಡವನ್ನು ಅರ್ಥ ಮಾಡಿಕೊಳ್ಳಲು ಎರಡು ಸಲ ಓದಬೇಕಾಯಿತು. ಪಾಲಿಗೆ ಮಾಡುವವರ ಗತಿ ಇನ್ನೂ ಕಷ್ಟ. ಅವರಿಗೆ ತೋರಿಸಲು ಮಾವನ ಪಹಣಿಯೂ ಇಲ್ಲ.

ಹಳ್ಳಿಯವರ ಕೈಗೆ ಹಣ ಕೊಟ್ಟರೆ ಹಾಳಾದೀತು ಎಂಬ ಮಾತನ್ನು ಓದಿದವರಿಂದಲೂ ಕೇಳಿದ್ದೇನೆ. ಅವರು ನಮ್ಮ ನಾಡಿನ ಈಚಿನ ಚರಿತ್ರೆಯನ್ನು ನೋಡಬೇಕು. ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ಉಳಿತಾಯ ಗುಂಪುಗಳಿಗಾಗಿ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ನಡೆದುದರ ಹಿಂದೆ ಆ ಅನುಭವವಿತ್ತು. ನಮ್ಮ ಬೀದರ ಜಿಲ್ಲಾ ಸಹಕಾರಿ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿಯವರ ಮುಂದಾಳ್ತನದಲ್ಲಿ ಹೆಣ್ಣುಮಕ್ಕಳ ಗುಂಪುಗಳಿಗೆ ಸಾಲ ಕೊಟ್ಟು, ಹೊರಗಿನವರು ಬಂದು ನೋಡಿಹೋಗುವಂತೆ ಮಾಡಿತು. ಹೆಬ್ಬೆಟ್ಟು ಒತ್ತುವವರು ಲೆಕ್ಕ ತಪ್ಪಲಿಲ್ಲ.

ಕೆರೆಗಳ ಮಾತೂ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ನಮ್ಮ ಬೀದರ ಜಿಲ್ಲೆಯೂ ಸೇರಿತ್ತು. ಅಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ಯಾವ ಕೆಲಸ ಮೊದಲು ಎಂಬುದನ್ನು ಊರವರು ಕುಳಿತು ಚರ್ಚಿಸಿದರು. ತಮ್ಮ ಪಾಲಿನ ವಂತಿಗೆಯನ್ನೂ ಕೊಟ್ಟರು. ಹೂಳು ಹೊಲಗಳಿಗೆ ಹೋಗಿ ಗೊಬ್ಬರವಾಯಿತು. ಯೋಜನೆ ಮುಗಿದ ಮೇಲೂ ಸಂಘಗಳೆಲ್ಲ ಜೀವಂತವಾಗಿವೆಯೆಂದು ನಾನು ಹೇಳಲಾರೆ. ಬರುವ ಹಣ ನಿಂತರೆ ಕೂಡುವ ಕಾರಣವೂ ನಿಲ್ಲುತ್ತದೆ, ಇದು ಸಹಜ. ಆದರೆ ಹವಾಮಾನದ ಹೆಸರಿನಲ್ಲಿ ಹಣ ಬರುವಾಗ ಹೊಸ ಸಮಿತಿಗಳನ್ನು ಹುಟ್ಟಿಸುವ ಬದಲು ಈ ಸಂಘಗಳನ್ನೂ ಮಹಿಳಾ ಗುಂಪುಗಳನ್ನೂ ಎಬ್ಬಿಸಬಾರದೇಕೆ? ಪ್ರತಿ ನಿಧಿಯಲ್ಲಿ ಒಂದು ಪಾಲನ್ನು ಅವುಗಳಿಗೆಂದೇ ತೆಗೆದಿಡಲಿ. ಅರ್ಜಿ ಎರಡು ಪುಟದ ತಿಳಿಗನ್ನಡದಲ್ಲಿರಲಿ. ಉಳುವವರು ಯಾರೆಂದು ಗ್ರಾಮಸಭೆ ಹೇಳಿದರೆ ಸಾಕಾಗಲಿ. ಖರ್ಚಿನ ಲೆಕ್ಕವನ್ನು ಅದೇ ಸಭೆಯಲ್ಲಿ ಓದಲಿ. ಊರಿನ ಕಣ್ಣು ತಪ್ಪಿಸುವುದು ದೂರದ ಲೆಕ್ಕಪರಿಶೋಧಕನ ಕಣ್ಣು ತಪ್ಪಿಸುವಷ್ಟು ಸುಲಭವಲ್ಲ.

ಇನ್ನು ಹಸಿರಿನ ಮಾತು. ಹಸಿರೆಂದು ಹೆಸರಿಟ್ಟದ್ದೆಲ್ಲ ಹಸಿರಲ್ಲ. 2014ರಲ್ಲಿ ರಾಜ್ಯದ ಒಣಬೇಸಾಯದ ರೈತರಿಗಾಗಿ ಆರಂಭವಾದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ತಳಕ್ಕೆ ಹಾಸುವ ಪ್ಲಾಸ್ಟಿಕ್ಕಿಗೂ ನೀರೆತ್ತುವ ಡೀಸೆಲ್ ಪಂಪಿಗೂ ಸಹಾಯಧನವಿತ್ತು. ಮಳೆಯನ್ನು ಉಳಿಸಿದೆವು, ಹೊಗೆಯನ್ನೂ ಕೊಂಡೆವು. ರೈತನನ್ನು ನಾನು ದೂರುವುದಿಲ್ಲ. ಕರೆಂಟಿಲ್ಲದ ಹೊಲದಲ್ಲಿ ಅವನೇನು ಮಾಡಿಯಾನು? ಹಣ ಕೊಡುವವರು ಸೂರ್ಯನ ಪಂಪನ್ನು ಡೀಸೆಲ್ಲಿಗಿಂತ ಅಗ್ಗವಾಗಿ ಕೈಗೆಟುಕಿಸಬೇಕಾಗಿತ್ತು. ಕೆರೆಗಳ ವಿಷಯದಲ್ಲಿಯೂ ಹೀಗೆಯೇ. ಏರಿಗೆ ಕಲ್ಲು ಹಾಸಿ, ದೀಪದ ಕಂಬ ನಿಲ್ಲಿಸಿ, ಹೂಳನ್ನು ಹಾಗೆಯೇ ಬಿಡುವುದನ್ನು ಅಭಿವೃದ್ಧಿ ಎನ್ನುತ್ತೇವೆ. ರಾಘವಾಂಕನ ಸಿದ್ಧರಾಮ ಚಾರಿತ್ರ ಓದಿದವರಿಗೆ ಸೊನ್ನಲಿಗೆಯ ಕೆರೆ ನೆನಪಿರಬಹುದು. ಅಲ್ಲಿ ಮಣ್ಣು ಹೊತ್ತವರೇ ನೀರಿಗೂ ಹಕ್ಕುದಾರರು.

ನಮ್ಮ ಓಣಿಯ ಆ ಹೆಣ್ಣುಮಗಳ ವಾರಸಾ ಅರ್ಜಿಯನ್ನು ಕೊನೆಗೆ ನಾನೇ ಬರೆದುಕೊಟ್ಟೆ. ಮೈದುನರು ಇಬ್ಬರು ಸಹಿ ಹಾಕಿದ್ದಾರೆ. ಮೂರನೆಯವನು ಪುಣೆಯಲ್ಲಿ ದುಡಿಯುತ್ತಾನೆ, ಯುಗಾದಿಗೆ ಬರುತ್ತಾನಂತೆ. ಮಳೆಗಾಲಕ್ಕೆ ಮುಂಚೆ ಹೊಂಡ ತೋಡಬೇಕೆಂದು ಆಕೆ ಜಾಗಕ್ಕೆ ನಾಲ್ಕು ಗೂಟ ನೆಟ್ಟಿದ್ದಾಳೆ.