ಮಣ್ಣಿನ ಹದ ಕಲಿತವರು: ಬೈಲಕುಪ್ಪೆಯ ಹೊಲಗಳ ಕಥೆ

ಮೈಸೂರಿಂದ ಮಡಿಕೇರಿ ಕಡೆ ಹೋಗೋವಾಗ, ಕಾವೇರಿ ದಾಟಿ ಕುಶಾಲನಗರ ಸೇರೋಕೆ ಸ್ವಲ್ಪ ಮುಂಚೆ ಬೈಲಕುಪ್ಪೆ ಸಿಗುತ್ತೆ. ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಊರು. ಈಗ ಇದನ್ನ ಕೇಳ್ತಿರೋ ಅನೇಕರ ಫೋನಲ್ಲಿ ಅಲ್ಲಿನ ಗೋಲ್ಡನ್ ಟೆಂಪಲ್ ಮುಂದೆ ತೆಗೆದ ಸೆಲ್ಫಿ ಇದ್ದೇ ಇರುತ್ತೆ. ಮೊಮೊ ತಿಂದಿರ್ತೀರಿ, ಅಂಗಡೀಲಿ ಚೌಕಾಸಿ ಮಾಡಿರ್ತೀರಿ, ವಾಪಸ್ ಬಂದಿರ್ತೀರಿ. ಆದ್ರೆ ಆ ಕ್ಯಾಂಪುಗಳ ನಡುವಿನ ಹೊಲಗಳನ್ನ ನೋಡಿದ್ದೀರಾ? ಇವತ್ತಿನ ಮಾತು ಆ ಹೊಲಗಳದ್ದು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಬಂದವರಲ್ಲಿ ಬಹಳ ಮಂದಿಗೆ ಮೊದಲು ಸಿಕ್ಕಿದ್ದು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆಯೋ ಕೂಲಿ. ಆಗ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂತು, 600 ಚಿಲ್ಲರೆ ಜನ. ಭಾರತದಲ್ಲಿ ಟಿಬೆಟಿಯನ್ನರ ಮೊದಲ ಕೃಷಿ ವಸಾಹತು ಶುರುವಾಗಿದ್ದು ಹೀಗೆ. ಜಾಗ ಅಂದ್ರೆ ಹೊಲ ಅಂದ್ಕೋಬೇಡಿ. ಕಾಡು. ಮರ ಕಡಿದು, ಬೇರು ಕಿತ್ತು, ಡೇರೆಯಲ್ಲೋ ಬಿದಿರು ತಡಿಕೆ ಗುಡಿಸಲಲ್ಲೋ ಮಲಗಿ, ಆಮೇಲೆ ಹೊಲ.

ಲಾಸಾ ನಗರ ಇರೋದು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿ. ಬೈಲಕುಪ್ಪೆ ಸಾವಿರ ಮೀಟರಿಗೂ ಕಡಿಮೆ. ಬಂದವರಲ್ಲಿ ಯಾಕ್, ಕುರಿ ಮೇಯಿಸಿಕೊಂಡು ಅಲೆದಾಡ್ತಿದ್ದವರು ಇದ್ದರು, ವ್ಯಾಪಾರದವರು ಇದ್ದರು, ರೈತರೂ ಇದ್ದರು. ರೈತರಿಗೆ ಗೊತ್ತಿದ್ದದ್ದು ಬಾರ್ಲಿ: ಚಳಿಯ ಒಣ ನಾಡು, ಮಳೆ ಕಡಿಮೆ, ಹಿಮ ಕರಗಿ ಬಂದ ನೀರನ್ನ ಕಾಲುವೆಯಲ್ಲಿ ತಿರುಗಿಸಿ ಬೆಳೆಯೋ ಬೆಳೆ. ಆ ಬಾರ್ಲಿಯನ್ನ ಹುರಿದು ಹಿಟ್ಟು ಮಾಡಿ, ಬೆಣ್ಣೆ ಹಾಕಿದ ಚಹಾದಲ್ಲಿ ಕೈಯಲ್ಲೇ ನಾದಿ ಉಂಡೆ ಕಟ್ಟಿ ತಿಂತಾರೆ, ಅದೇ ತ್ಸಂಪಾ. ನಮ್ಮಜ್ಜಿಯರ ರಾಗಿ ಹುರಿಹಿಟ್ಟಿನ ದೂರದ ಸೋದರಿ ಅನ್ನಿ. ಇಲ್ಲಿ ಬಂದು ನೋಡಿದ್ರೆ ಕೈಗೆ ಬಂದದ್ದು ಮುಸುಕಿನ ಜೋಳ. ಕಾಲುವೆ ಇಲ್ಲ, ಮಳೆಯನ್ನೇ ನಂಬಬೇಕು.

ಮಳೆ ನಂಬಿದ ಬೇಸಾಯದಲ್ಲಿ ಕಷ್ಟದ್ದು ನೇಗಿಲು ಹಿಡಿಯೋದಲ್ಲ. ಯಾವತ್ತು ಹಿಡಿಯಬೇಕು ಅನ್ನೋದು. ಇದಕ್ಕೆ ನಮ್ಮಲ್ಲಿ ಒಂದು ಪುಟ್ಟ ಮಾತಿದೆ: ಹದ. ಮಳೆ ಬಿದ್ದ ಮಾರನೆ ದಿನ ಹೊಲದಿಂದ ಒಂದು ಹಿಡಿ ಮಣ್ಣು ತಗೊಂಡು ಹಿಸುಕಬೇಕು. ಉಂಡೆ ಕಟ್ಟಬೇಕು, ಕೆಳಗೆ ಬಿಟ್ಟರೆ ಒಡೆದು ಪುಡಿಯಾಗಬೇಕು. ಉಂಡೆ ಕಟ್ಟದಿದ್ದರೆ ತೇವ ಸಾಲದು. ಬಿದ್ದರೂ ಒಡೆಯದೆ ಮುದ್ದೆಯಾಗೇ ಇದ್ದರೆ ಜಾಸ್ತಿ ಆಯ್ತು, ಆಗ ಉತ್ತರೆ ಹೆಂಟೆ ಏಳುತ್ತೆ. ಕೃತ್ತಿಕೆ ಕೈಕೊಟ್ಟರೆ ರೋಹಿಣಿ, ಅದೂ ತಪ್ಪಿದರೆ ಮೃಗಶಿರ ಅಂತ ನಮ್ಮ ಹಿರಿಯರು ನಕ್ಷತ್ರ ಎಣಿಸಿಕೊಂಡು ಕಾಯ್ತಿದ್ದರು. ಈ ಲೆಕ್ಕ ಅವರಿಗೆ ಯಾವ ಪಂಚಾಂಗದಲ್ಲಿ ಸಿಗಬೇಕು? ಮಣ್ಣು ಮುಟ್ಟಿ ಮುಟ್ಟಿಯೇ ಕಲೀಬೇಕಿತ್ತು, ಒಂದು ವರ್ಷಕ್ಕೆ ಒಂದೇ ಪರೀಕ್ಷೆ.

ಬದಲಾವಣೆಯನ್ನ ಒಪ್ಪಿಕೊಳ್ಳಿ ಅಂತ ಹೇಳೋ ರೀಲ್ಸ್ ದಿನಕ್ಕೆ ಹತ್ತು ಬರ್ತವೆ. ನನಗೆ ಅವು ರುಚಿಸಲ್ಲ. ಬೈಲಕುಪ್ಪೆಗೆ ಬಂದವರು ಏನನ್ನ ಒಪ್ಪಿಕೊಳ್ಳಬೇಕಿತ್ತು? ದೇಶ ಹೋಯ್ತು ಅನ್ನೋದನ್ನಾ? ಅದನ್ನ ಅವರು ಒಪ್ಪಲೇ ಇಲ್ಲ, ಇವತ್ತಿಗೂ ಒಪ್ಪಿಲ್ಲ. ಬೇಗ ವಾಪಸ್ ಹೋಗ್ತೀವಿ ಅನ್ನೋ ಆಸೆಯನ್ನ ಎದೆಯಲ್ಲಿಟ್ಟುಕೊಂಡೇ ಬಿತ್ತಿದರು. ಜೋಳ ಕೇಳೋದು ಜೀವಮಾನದ ಒಪ್ಪಿಗೆ ಅಲ್ಲ, ಬರೀ ನಾಲ್ಕು ತಿಂಗಳದು. ಬಿತ್ತಿದ ಮೇಲೆ ತೆನೆ ಬಲಿಯೋವರೆಗೂ ಇಲ್ಲೇ ಇರಬೇಕು, ಅಷ್ಟೇ. ಹಾಗೆ ನಾಲ್ಕು ನಾಲ್ಕು ತಿಂಗಳು ಸೇರಿಯೇ ಅರುವತ್ತು ವರ್ಷ ದಾಟಿರೋದು.

ಇನ್ನೂ ಬಿಗಿಯಾದ ಗಂಟು ಸೆರಾ ಮಠದವರದ್ದು. ಸುಮಾರು 300 ಭಿಕ್ಷುಗಳು ಬಂಗಾಳದ ಬಕ್ಸಾ ಅನ್ನೋ ಹಳೇ ಜೈಲು ಕೋಟೆಯಲ್ಲಿ ಹತ್ತು ವರ್ಷ ಕಳೆದು, 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದರು. ಅವರಿಗೂ ಕಾಡೇ ಸಿಕ್ಕಿದ್ದು. ಬೌದ್ಧ ವಿನಯದ ಪ್ರಕಾರ ಭಿಕ್ಷು ನೆಲ ಅಗೆಯೋ ಹಾಗಿಲ್ಲ. ಮಣ್ಣಲ್ಲಿರೋ ಜೀವ ಸಾಯುತ್ತೆ. ಆದ್ರೆ ಅಗೆಯದಿದ್ದರೆ ಮಠದವರಿಗೆ ಅನ್ನ ಎಲ್ಲಿಂದ? ಗ್ರಂಥ ಹಿಡಿದಿದ್ದ ಕೈ ಗುದ್ದಲಿ ಹಿಡೀತು. ಇದನ್ನ ಸಾಹಸದ ಕಥೆಯ ಹಾಗೆ ಹೇಳೋಕೆ ನನಗೆ ಮನಸ್ಸು ಬರಲ್ಲ. ಕೆಲವು ಕಲಿಕೆಯಲ್ಲಿ ನೋವು ಇರುತ್ತೆ, ಕಲಿತ ಮೇಲೂ ಅದು ಹೋಗಲ್ಲ.

ಆನೆಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ಹುಣಸೂರು, ಎಚ್.ಡಿ. ಕೋಟೆ ಕಾಡಂಚಿನವರು ಕೇಳ್ತಿದ್ದರೆ ಈಗ ನಗ್ತಿರ್ತೀರಿ. ತೆನೆ ಹಾಲುಗಾಳಾದಾಗ ಆನೆಗೆ ವಾಸನೆ ಹೊಡೆಯುತ್ತೆ. ಅಟ್ಟಣೆ ಮೇಲೆ ಕೂತು, ಬೆಂಕಿ ಹಾಕಿ, ತಗಡು ಬಡೀತಾ ರಾತ್ರಿ ಕಳೆಯೋದು ಬೇಸಾಯದ ಇನ್ನೊಂದು ಪಾಠ.

ಮಳೆ ಬೆಳೆ ಒಂದೇ ಆದ್ದರಿಂದ ಕೊಯ್ಲು ಮುಗಿದ ಮೇಲೆ ಕೈ ಖಾಲಿ. ಆಗ ಶುರುವಾಗಿದ್ದೇ ಸ್ವೆಟರ್ ವ್ಯಾಪಾರ: ಲುಧಿಯಾನದಿಂದ ಮಾಲು ತಂದು ಚಳಿಗಾಲದಲ್ಲಿ ಊರೂರಿನ ಫುಟ್‌ಪಾತ್ ಮೇಲೆ ಮಾರೋದು. ಈಗ ಅವರ ಮಕ್ಕಳಲ್ಲಿ ಬಹಳ ಜನ ಬೆಂಗಳೂರಲ್ಲಿದ್ದಾರೆ, ವಿದೇಶದಲ್ಲಿದ್ದಾರೆ. ಅಜ್ಜ ಕಷ್ಟಪಟ್ಟು ಕಲಿತ ಹದ ಮೊಮ್ಮಗನಿಗೆ ಬೇಕಾಗಿಲ್ಲ.

ಇದೆಲ್ಲ ನಮಗ್ಯಾಕೆ ಅಂತೀರಾ? ಪಿರಿಯಾಪಟ್ಟಣ, ಹುಣಸೂರು ಕಡೆ ಹೊಗೆಸೊಪ್ಪಿನ ಮನೆ ಹುಡುಗ್ರನ್ನ ಕೇಳಿ. ಬ್ಯಾರನ್ ಒಳಗೆ ಎಲೆ ಯಾವ ಬಣ್ಣಕ್ಕೆ ತಿರುಗಿದೆ, ಬೆಂಕಿ ಎಷ್ಟು ಏರಿಸಬೇಕು ಅನ್ನೋದು ಅಪ್ಪನಿಗೆ ಕಣ್ಣಳತೆಯಲ್ಲೇ ಗೊತ್ತು. ಆ ಕಸುಬು ನಿಂತಿರೋದು ತಂಬಾಕು ಮಂಡಳಿ ಕೊಡೋ ಲೈಸೆನ್ಸ್ ಮೇಲೆ. ಇನ್ನೊಂದು ಕಡೆ ತಂಬಾಕು ಬಳಕೆಗೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿದೆ. ಶುಂಠಿ ಹಾಕೋಣ್ವಾ, ಅಡಿಕೆ ಇಡೋಣ್ವಾ ಅಂತ ಮನೆಮನೆಯಲ್ಲೂ ಚರ್ಚೆ. ಮಗ ಯೂಟ್ಯೂಬ್ ತೋರಿಸ್ತಾನೆ, ಅಪ್ಪ ಆಕಾಶ ನೋಡ್ತಾರೆ. ಇಬ್ಬರಿಗೂ ಗೊತ್ತಿಲ್ಲದ ಬೆಳೆ ಅದು.

ಜೂನ್ ಕೊನೆಗೆ ಆ ಕಡೆ ಹೋದರೆ ಟೆಂಪಲ್ ನೋಡಿದ ಮೇಲೆ ಕ್ಯಾಂಪ್ ರಸ್ತೆಯಲ್ಲಿ ಒಂದು ಕಿಲೋಮೀಟರ್ ನಡೀರಿ. ಮಳೆ ಸರಿಯಾಗಿ ಬಂದಿದ್ದರೆ ಜೋಳ ಮೊಣಕಾಲೆತ್ತರ ಬಂದಿರುತ್ತೆ. ಮನೆ ಮುಂದೆ ಜಪಮಣಿ ಎಣಿಸ್ತಾ ಕೂತ ಅಜ್ಜಿ ಯಾರಾದರೂ ಕಂಡರೆ ‘ಈ ಸಲ ಮಳೆ ಹೆಂಗಜ್ಜಿ?’ ಅಂತ ಕನ್ನಡದಲ್ಲೇ ಕೇಳಿ ನೋಡಿ.