ಮೈಕ್‌ಸೆಟ್ಟಿನ ಪೆಟ್ಟಿಗೆಯಿಂದ ಡಿ.ಜೆ. ಮಿಕ್ಸ್‌ವರೆಗೆ



ರಾಜಾಜಿನಗರ, ವಿಜಯನಗರದ ಹಳೆಯ ನಿವಾಸಿಗಳಿಗೆ ಮೈಕ್‌ಸೆಟ್ಟಿನವನನ್ನು ಪರಿಚಯಿಸಬೇಕಾಗಿಲ್ಲ. ಮದುವೆಯಿರಲಿ, ಗಣೇಶನ ಪೆಂಡಾಲಿರಲಿ, ನವೆಂಬರ್ ತಿಂಗಳ ರಾಜ್ಯೋತ್ಸವವಿರಲಿ, ಎಲ್ಲರಿಗಿಂತ ಮೊದಲು ಬಂದು ಕಂಬಕ್ಕೆ ಹಾರ್ನ್ ಕಟ್ಟುತ್ತಿದ್ದವನು ಆತ. ಚಪ್ಪರದ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್. ಪಕ್ಕದಲ್ಲಿ ಒಂದು ಪೆಟ್ಟಿಗೆ. ಅದರ ತುಂಬ ಪ್ಲೇಟುಗಳು.

ಬೆಳಗಿನ ಜಾವಕ್ಕೆ ಭಕ್ತಿಗೀತೆ, ನೆಂಟರು ಸೇರುವ ಹೊತ್ತಿಗೆ ಚಿತ್ರಗೀತೆ, ಮುಹೂರ್ತಕ್ಕೆ ವಾಲಗದವರಿಗೆ ಜಾಗ ಬಿಟ್ಟು ಮೌನ, ಊಟದ ವೇಳೆಗೆ ಮತ್ತೆ ಹಾಡು. ಟೆಂಟ್ ಸಿನಿಮಾಗಳಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಆಟ ಶುರುವಾಗುವ ಹೊತ್ತಾಯಿತೆಂದು ಊರಿಗೇ ತಿಳಿಯುತ್ತಿತ್ತು. ಯಾವ ಹಾಡು, ಯಾವಾಗ, ಯಾವುದರ ನಂತರ ಎಂಬುದನ್ನು ನಿರ್ಧರಿಸುವುದೇ ಈ ಕಸುಬಿನ ಜೀವ. ಅದನ್ನು ಯಾರೂ ಕಲೆ ಎಂದು ಕರೆಯಲಿಲ್ಲ. ಕರೆದರೂ ಆ ಮೈಕ್‌ಸೆಟ್ಟಿನವನೇ ನಗುತ್ತಿದ್ದನೇನೋ!

ಇಂದು ಇದಕ್ಕೆ ಹತ್ತಿರದ ಕೆಲಸವೊಂದಕ್ಕೆ ಜಗತ್ತಿನಾದ್ಯಂತ ಡಿ.ಜೆ. ಎಂಬ ಹೆಸರಿದೆ. ಡಿಸ್ಕ್ ಜಾಕಿ ಎಂಬುದರ ಸಂಕ್ಷಿಪ್ತ ರೂಪ ಅದು. ನಮ್ಮ ಬೀದಿಗಳಲ್ಲಿ ಡಿ.ಜೆ. ಎಂದರೆ ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸ್ಪೀಕರ್‌ಗಳ ಸಾಲು ಎಂದಷ್ಟೇ ಅರ್ಥ ಉಳಿದಿದೆ. ಆದರೆ ಆ ಪದಕ್ಕೆ ಇನ್ನೊಂದು ಮುಖವೂ ಇದೆ. ಒಬ್ಬ ವ್ಯಕ್ತಿ ವರ್ಷಗಟ್ಟಲೆ ಕೂಡಿಟ್ಟ ತನ್ನ ಸ್ವಂತ ಸಂಗ್ರಹದಿಂದ ಬೇರೆ ಬೇರೆ ಭಾಷೆಯ, ಕಾಲದ, ಬಗೆಯ ಪ್ಲೇಟುಗಳನ್ನು ಆರಿಸುತ್ತಾನೆ. ಒಂದರ ತುದಿಗೆ ಇನ್ನೊಂದನ್ನು ಬೆಸೆದು, ಒಂದು ಗಂಟೆಯಷ್ಟು ಉದ್ದದ, ಎಲ್ಲಿಯೂ ಕಡಿಯದ ಕೇಳ್ಮೆಯನ್ನು ಸಿದ್ಧಪಡಿಸುತ್ತಾನೆ. ಇದೇ ಡಿ.ಜೆ. ಮಿಕ್ಸ್ ಆಲ್ಬಂ.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಬರೆದವರು ಬೇರೆ, ರಾಗ ಹಾಕಿದವರು ಬೇರೆ, ಹಾಡಿದವರು ಬೇರೆ. ಹಾಗಾದರೆ ಇದರಲ್ಲಿ ಈತನದೇನು?

ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಬಸವೇಶ್ವರನಗರ ಯಾರ ಹೆಸರನ್ನು ಹೊತ್ತಿದೆಯೋ ಅವರ ಕಾಲದ ವಚನಗಳನ್ನೇ ನೆನೆಯಬಹುದು. ಹನ್ನೆರಡನೆಯ ಶತಮಾನದ ಶರಣರು ಬಿಡಿಬಿಡಿಯಾಗಿ ನುಡಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಆರಿಸಿ, ಒಂದು ಕ್ರಮದಲ್ಲಿ ಜೋಡಿಸಿ, ನಡುವೆ ತನ್ನ ಮಾತನ್ನು ಸೇರಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದ. ವಚನಗಳು ಆತನವಲ್ಲ, ಕೃತಿ ಆತನದು. ಅವನ ನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮೂರು ಸಂಪಾದನೆಗಳನ್ನು ರಚಿಸಿದರು. ವಚನಗಳ ಭಂಡಾರ ಒಂದೇ, ಆಯ್ಕೆ ಮತ್ತು ಜೋಡಣೆ ಬೇರೆಯಾದ್ದರಿಂದ ಕೃತಿ ನಾಲ್ಕಾಯಿತು. ವಚನಕ್ಕೂ ಡಿ.ಜೆ. ಸಂಗೀತಕ್ಕೂ ಹೋಲಿಕೆಯೇ ಎಂದು ಹುಬ್ಬೇರಿಸಬೇಕಾಗಿಲ್ಲ. ಹೋಲಿಕೆ ವಸ್ತುವಿನದಲ್ಲ, ಸಂಪಾದನೆಯ ಕೆಲಸದ್ದು.

ಪ್ಲೇಟುಗಳ ಸಂಪಾದನೆ ಅಮೆರಿಕದಲ್ಲಿ ಬೆಳೆದ ಬಗೆಯನ್ನೂ ನೋಡಬಹುದು. 1970ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಡೇವಿಡ್ ಮಂಕೂಸೊ ತನ್ನ ಮನೆಯಲ್ಲೇ ಕೂಟವೊಂದನ್ನು ಏರ್ಪಡಿಸಿ, ಆಹ್ವಾನಿತರಿಗೆ ಪ್ಲೇಟುಗಳನ್ನು ಕೇಳಿಸಿದ. ‘ಲಾಫ್ಟ್’ ಎಂದು ಹೆಸರಾದ ಆ ಕೂಟಗಳಲ್ಲಿ ಆತ ಕ್ರಮೇಣ ಪ್ಲೇಟುಗಳನ್ನು ಬೆರೆಸುವುದನ್ನೇ ಬಿಟ್ಟು, ಪ್ರತಿ ಹಾಡನ್ನೂ ಪೂರ್ತಿ ನುಡಿಸತೊಡಗಿದ. ಅದೇ ನಗರದ ಬ್ರಾಂಕ್ಸ್ ಬಡಾವಣೆಯಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ಜಮೈಕಾ ಮೂಲದ ಯುವಕ ಬೇರೊಂದು ಹಾದಿ ಹಿಡಿದ. ಹಾಡಿನ ನಡುವೆ ಬರೀ ತಾಳವಾದ್ಯ ನುಡಿಯುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಗಮನಿಸಿದ್ದ ಆತ, ಎರಡು ಯಂತ್ರಗಳಲ್ಲಿ ಒಂದೇ ಪ್ಲೇಟಿನ ಎರಡು ಪ್ರತಿಗಳನ್ನಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಉಪಾಯ ಕಂಡುಕೊಂಡ. ಹಿಪ್‌ಹಾಪ್ ಸಂಗೀತದ ಹುಟ್ಟನ್ನು ಈ ಕೂಟದಿಂದಲೇ ಎಣಿಸುತ್ತಾರೆ. ಮುಂದೆ 1999ರಲ್ಲಿ ಡಿ.ಜೆ. ಶ್ಯಾಡೋ ಮತ್ತು ಕಟ್ ಕೆಮಿಸ್ಟ್ ಎಂಬಿಬ್ಬರು ತಾವು ಹುಡುಕಿ ತಂದ, 45ರ ವೇಗದಲ್ಲಿ ತಿರುಗುವ ಪುಟ್ಟ ಪ್ಲೇಟುಗಳಿಂದಲೇ ‘ಬ್ರೈನ್‌ಫ್ರೀಜ್’ ಎಂಬ ಮಿಕ್ಸ್ ಕಟ್ಟಿದರು. ಜನ ಮರೆತಿದ್ದ ಎಷ್ಟೋ ಹಾಡುಗಳು ಅದರಿಂದ ಮತ್ತೆ ಕಿವಿಗೆ ಬಿದ್ದವು.

ಬೆಸೆಯುವ ಕೆಲಸ ನಡೆಯುವುದು ಹೇಗೆ? ಎರಡು ಟರ್ನ್‌ಟೇಬಲ್, ನಡುವೆ ಒಂದು ಮಿಕ್ಸರ್. ಸಭೆ ಒಂದು ಪ್ಲೇಟನ್ನು ಕೇಳುತ್ತಿರುವಾಗ ಡಿ.ಜೆ. ಹೆಡ್‌ಫೋನಿನಲ್ಲಿ ಮುಂದಿನದನ್ನು ಕೇಳಿಸಿಕೊಂಡು ಅದರ ಲಯವನ್ನು ಮೊದಲನೆಯದಕ್ಕೆ ಹೊಂದಿಸುತ್ತಾನೆ. ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಜಪಾನಿ ಯಂತ್ರದ 1979ರ ಮಾದರಿಯಲ್ಲಿ ವೇಗವನ್ನು ಶೇಕಡ 8ರಷ್ಟು ಏರಿಸುವ, ಇಳಿಸುವ ಜಾರುಗುಂಡಿ ಬಂತು. ಆದರೆ ವೇಗ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಸುಮಾರು ಶೇಕಡ 6ರಷ್ಟು ವೇಗ ಏರಿಸಿದರೆ ಶ್ರುತಿ ಹಾರ್ಮೋನಿಯಂನ ಪಕ್ಕದ ಮನೆಗೆ, ಅಂದರೆ ಅರ್ಧ ಸ್ವರದಷ್ಟು ಮೇಲೇರುತ್ತದೆ. ಆದ್ದರಿಂದ ತಾಳದ ಜೊತೆಗೆ ಶ್ರುತಿಜ್ಞಾನವೂ ಬೇಕು. ಇವೆರಡನ್ನೂ ಇಂದು ಕಂಪ್ಯೂಟರ್ ಕ್ಷಣಾರ್ಧದಲ್ಲಿ ಹೊಂದಿಸಿಕೊಡುತ್ತದೆ. ಇದಾದ ಮೇಲೆ ಇದು ಬೇಕು ಎಂಬ ನಿರ್ಧಾರ ಮಾತ್ರ ಕೇಳಿ ಪಳಗಿದ ಕಿವಿಯದು.

ನಮ್ಮ ನಾಡಿನ ಪ್ಲೇಟುಗಳಿಂದ ಇಂಥದೊಂದು ಸರದಿಯನ್ನು ಕಟ್ಟುವುದಾದರೆ? ಗೌಹರ್ ಜಾನ್‌ರಿಂದ ಆರಂಭಿಸಬಹುದು. 1902ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪೆನಿಗಾಗಿ ಹಾಡಿದವರು ಆಕೆ. ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ 1928ರಲ್ಲಿ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಆಕೆಯ ಬೆನ್ನಿಗೆ ಧಾರವಾಡ ಸೀಮೆಯ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟು. ಅದರಲ್ಲಿ ಅವರ ಹೆಸರು ಗಾಂಧಾರಿ. ಮುಂದೆ ಗಂಡು ದನಿಯಂತೆ ಗಂಭೀರವಾದ ಕಂಠ ಆಗಿನ್ನೂ ತೆಳುವಾಗಿತ್ತು. ನಂತರ ಮೈಸೂರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲು. ಅಲ್ಲಿಂದ ಕವಿತೆಯನ್ನು ಜನರ ನಾಲಿಗೆಗೆ ತಂದ ಪಿ. ಕಾಳಿಂಗರಾಯರು. ಕೊನೆಗೆ ರಾಜನ್-ನಾಗೇಂದ್ರರ ಒಂದು ಚಿತ್ರಗೀತೆ. ಹಿಂದೂಸ್ತಾನಿ, ಕರ್ನಾಟಕಿ, ಭಾವಗೀತೆ, ಸಿನಿಮಾ ಎಂದು ಅಂಗಡಿಯವರು ಬೇರೆ ಬೇರೆ ಕಪಾಟಿನಲ್ಲಿಟ್ಟದ್ದು ಹೀಗೆ ಒಂದೇ ಸಾಲಿಗೆ ಬಂದಾಗ, ಒಂದರ ದನಿ ಇನ್ನೊಂದರಲ್ಲಿ ಕೇಳಿಸುತ್ತದೆ. ಆರಿಸಿದವನು ತನ್ನ ಮಾತನ್ನೇ ಆಡದೆ ಒಂದು ಅಭಿಪ್ರಾಯವನ್ನು ಮುಂದಿಟ್ಟಿರುತ್ತಾನೆ.

ಈ ಅಭ್ಯಾಸ ನಮ್ಮ ಬಡಾವಣೆಗಳಲ್ಲಿ ಇರಲೇ ಇಲ್ಲವೆನ್ನುವಂತಿಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ಜನ ನೋಟ್‌ಪುಸ್ತಕದ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು ಅಂಗಡಿಗೆ ಕೊಡುತ್ತಿದ್ದರು. ಅಂಗಡಿಯವರು ಖಾಲಿ ಕ್ಯಾಸೆಟ್ಟಿಗೆ ಅವುಗಳನ್ನು ತುಂಬಿಸಿಕೊಡುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೆ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಎ ಮಗ್ಗುಲಿಗೆ ಏನು, ಬಿ ಮಗ್ಗುಲಿಗೆ ಏನು ಎಂದು ತಲೆಕೆಡಿಸಿಕೊಂಡವರೆಲ್ಲ ಆ ಮಟ್ಟಿಗೆ ಸಂಪಾದಕರೇ.

ಆದರೆ ಸ್ವಂತಕ್ಕೆ ಕೇಳುವುದು ಬೇರೆ, ಪ್ರಕಟಿಸಿ ಮಾರುವುದು ಬೇರೆ. ನಮ್ಮ ಕಾಯಿದೆಯಂತೆ ಧ್ವನಿಮುದ್ರಣದ ಮೇಲಿನ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತ ಸಂಯೋಜನೆಗಳ ಹಕ್ಕು ಬೇರೆಯೇ. ಅದು ಸಾಮಾನ್ಯವಾಗಿ ಕರ್ತೃವಿನ ನಿಧನಾನಂತರ 60 ವರ್ಷದವರೆಗೆ ಉಳಿಯುತ್ತದೆ. ಹೀಗಾಗಿ ಹಳೆಯ ಪ್ಲೇಟಿನ ಮುದ್ರಣ ಹಕ್ಕುಮುಕ್ತವಾದರೂ ಹಾಡು ಆಗಿರಬೇಕೆಂದಿಲ್ಲ. ಮಿಕ್ಸ್ ಆಲ್ಬಂ ಹೊರತರುವವರು ಅನುಮತಿ ಪಡೆಯಬೇಕು. ಹಾಡಿದವರ, ಬರೆದವರ ಋಣವನ್ನು ತೀರಿಸದ ಸಂಪಾದನೆ ಸಂಪಾದನೆಯೆನಿಸದು.

ಇನ್ನು ಹೆಚ್ಚು ಯೋಚಿಸಬೇಕಾದದ್ದು ಸಂಗ್ರಹಗಳ ಗತಿಯನ್ನು. 1949ರಲ್ಲಿ ಶುರುವಾದ ರಾಜಾಜಿನಗರದಂಥ ಬಡಾವಣೆಯಲ್ಲಿ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ನುಡಿಸುವ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿರುತ್ತದೆ. ಗುಜರಿಯವನಿಗೆ ಪೆಟ್ಟಿಗೆಯೂ ಹೊರೆ, ಹಳೇ ಪೇಪರೂ ಹೊರೆ. 78ರ ವೇಗದ ಹಳೆಯ ಪ್ಲೇಟು ಅರಗಿನದು, ಕೈಜಾರಿ ಬಿದ್ದರೆ ಚೂರು.

ಈ ನಷ್ಟವನ್ನು ತಡೆಯುವ ಯತ್ನಗಳೂ ನಡೆದಿವೆ. ಮುಂಬೈಯಲ್ಲಿ 1990ರಲ್ಲಿ ಭಾರತೀಯ ಪ್ಲೇಟು ಸಂಗ್ರಾಹಕರ ಸಂಘ ಸ್ಥಾಪನೆಯಾಯಿತು. ಗೌಹರ್ ಜಾನ್‌ರ ಜೀವನಚರಿತ್ರೆಯನ್ನು 2010ರಲ್ಲಿ ಹೊರತಂದ ಬೆಂಗಳೂರಿನ ವಿಕ್ರಮ್ ಸಂಪತ್, ಮರುವರ್ಷ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಆರಂಭಿಸಿ ಹಳೆಯ ಪ್ಲೇಟುಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರೂ ಕೇಳುವಂತೆ ಮಾಡಿದರು.

ಹೀಗೆ ಹಾಡು ಉಳಿಯಬಹುದು. ಆದರೆ ಹೆಸರು ಟೈಪು ಮಾಡಿದರೆ ಫೋನಿನಲ್ಲಿ ಹಾಡು ಸಿಗುವ ಈ ದಿನಗಳಲ್ಲಿ, ಹೆಸರೇ ಗೊತ್ತಿಲ್ಲದ ಹಾಡನ್ನು ಹುಡುಕುವುದು ಹೇಗೆ? ಅಜ್ಜ ಯಾವ ಪ್ಲೇಟಿನ ನಂತರ ಯಾವುದನ್ನು ಹಾಕುತ್ತಿದ್ದರು, ಯಾವುದನ್ನು ಯಾರ ಮದುವೆಗೆ ಕೊಂಡರು, ಯಾವುದನ್ನು ಶನಿವಾರದ ಬೆಳಿಗ್ಗೆ ಮಾತ್ರ ನುಡಿಸುತ್ತಿದ್ದರು ಎಂಬುದು ಯಾವ ಭಂಡಾರದಲ್ಲೂ ಸಿಗದು. ಆ ತಿಳಿವಳಿಕೆ ಇರುವುದು ಪೆಟ್ಟಿಗೆಯ ಒಡೆಯನ ನೆನಪಿನಲ್ಲಿ ಮಾತ್ರ. ಸ್ವಂತ ಸಂಗ್ರಹದಿಂದ ಕಟ್ಟಿದ ಮಿಕ್ಸ್ ಉಳಿಸಿಕೊಡುವುದು ಇದನ್ನೇ.

ಆದ್ದರಿಂದ ಕೆಂಗೇರಿಯಲ್ಲಾಗಲಿ ವಿಜಯನಗರದಲ್ಲಾಗಲಿ ಮನೆಯ ಅಟ್ಟದಲ್ಲಿ ಅಂಥ ಪೆಟ್ಟಿಗೆಯಿದ್ದು, ಅದನ್ನು ಕೂಡಿಟ್ಟವರು ಇನ್ನೂ ಜೊತೆಗಿದ್ದರೆ, ಗುಜರಿಯವನನ್ನು ಕೂಗುವ ಮೊದಲು ಒಂದು ಸಂಜೆ ಅವರ ಪಕ್ಕ ಕೂರುವುದು ಲೇಸು. ಪ್ಲೇಟುಗಳನ್ನು ಒಂದೊಂದಾಗಿ ತೆಗೆದು, ಇದಾದ ಮೇಲೆ ಯಾವುದು ಎಂದು ಕೇಳಿ, ಅವರು ಹೇಳಿದ ಕ್ರಮದಲ್ಲೇ ಬರೆದಿಡಬೇಕು. ಬೆಸೆಯುವ ಕೆಲಸವನ್ನು ಮೊಮ್ಮಕ್ಕಳು ಮುಂದೆ ಎಂದಾದರೂ ಮಾಡಿಕೊಂಡಾರು.