ಅಂಕಿಯ ನಡುವಣ ಚುಕ್ಕೆ



ಚುಕ್ಕೆಯೆಂದರೆ ವಾಕ್ಯದ ಮುಕ್ತಾಯವೆಂದು ಉಪಾಧ್ಯಾಯರಾದ ನಾವು ಮಕ್ಕಳಿಗೆ ಕಲಿಸುತ್ತೇವೆ. ಗಡಿಯ ಒಕ್ಕಲಿಗನಿಗಾದರೋ ಹೊಲದ ಪತ್ರದಲ್ಲಿರುವ ಚುಕ್ಕೆಯೇ ದೊಡ್ಡದು.

1.20 ಎಂಬುದನ್ನು ನೋಡಿರಿ. ಗಣಿತದ ತರಗತಿಯಲ್ಲಿ ಅದು ಒಂದೂ ಐದರಲ್ಲೊಂದು ಪಾಲು. ಕರ್ನಾಟಕದ ಪಹಣಿಯಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದುದರಿಂದ ಒಂದೂವರೆ ಎಕರೆ. ನಮ್ಮ ಅಕ್ಕಲಕೋಟೆಯ ಕಡೆಯ ಸಾತಬಾರಾ ಉತಾರದಲ್ಲಿ ಅದೇ ಅಂಕಿ ಒಂದು ಹೆಕ್ಟೇರು ಇಪ್ಪತ್ತು ಆರ್, ಅಂದರೆ ಹತ್ತಿರ ಹತ್ತಿರ ಮೂರು ಎಕರೆ! ಗಡಿಯ ಎರಡೂ ಕಡೆ ಹೊಲವುಳ್ಳ ಮನೆತನಗಳು ನಮ್ಮಲ್ಲುಂಟು. ಪಾಲಿನ ದಿನ ಎರಡು ಪತ್ರಗಳ ಅಂಕಿಗಳನ್ನು ಹಾಗೆಯೇ ಕೂಡಿಸಿ, ಲೆಕ್ಕ ಹೊಂದದೆ ಅಣ್ಣತಮ್ಮಂದಿರು ಮಾತು ಬಿಟ್ಟುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೋಸವೇನೂ ನಡೆದಿರಲಿಲ್ಲ, ಅಂಕಿಯ ಮುಂದೆ ಅಳತೆಯ ಹೆಸರಿರಲಿಲ್ಲ, ಅಷ್ಟೇ.

ಲಿಪಿಯ ತೊಡಕು ಬೇರೆ. ಮರಾಠಿ ಅಂಕಿಗೆ ಒಗ್ಗಿದ ಕಣ್ಣಿಗೆ, ಅವಸರದಲ್ಲಿ ಬರೆದ ಕನ್ನಡದ ‘೧’ ಸೊನ್ನೆಯಂತೆ ತೋರುವುದುಂಟು. ಹಿರಿಯರು ಅಂಕಿಯ ಬದಿಗೆ ಅಕ್ಷರದಲ್ಲಿಯೂ ಬರೆಯುತ್ತಿದ್ದುದು ಸುಮ್ಮನೆಯಲ್ಲ.

ಈಗ ಪತ್ರಲೇಖನದ ಪಾಠಕ್ಕೆ ಮಕ್ಕಳಿಂದ ಮನೆಯ ಉತಾರದ ನಕಲನ್ನು ತರಿಸುತ್ತೇವೆ. ಎಕರೆ, ಗುಂಟೆ, ಆರ್‌ಗಳನ್ನು ಹೆಸರುಸಹಿತ ಕನ್ನಡ ಅಕ್ಷರಗಳಲ್ಲಿ ಬರೆಯಿಸುತ್ತೇವೆ. ಸಂಜೆ ಅದನ್ನು ತಂದೆಯವರ ಮುಂದೆ ಓದಿ ಬರಬೇಕು.